ಆಟದ ಪಾಠ: ಮಕ್ಕಳ ನಿದ್ದೆಗೆ ಕುತ್ತಾಗದಿರಲಿ

ಎರಡು ತಿಂಗಳ ಹಿಂದೆ ಈಸೂರಿನ ತಾಯಿಯೊಬ್ಬರು ಏಳನೆಯ ತರಗತಿಯ ಮಗಳನ್ನು ನನ್ನಲ್ಲಿಗೆ ಕರೆತಂದರು. ಬೆಳಿಗ್ಗೆ ಏಳುತ್ತಲೇ ತಲೆನೋವು, ಶಾಲೆಯಲ್ಲಿ ತೂಕಡಿಕೆ. ಕಣ್ಣು ಹಾಗೂ ರಕ್ತದ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣಲಿಲ್ಲ. 'ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯಮ್ಮ?' ಎಂದು ಕೇಳಿದಾಗ ಗುಟ್ಟು ಹೊರಬಿತ್ತು. ಮೊಬೈಲಿನಲ್ಲಿ ಇಂಗ್ಲಿಷ್ ಕಲಿಸುವ ಆ್ಯಪ್ ಒಂದರಲ್ಲಿ ಅವಳು 140 ದಿನ ತಪ್ಪದೆ ಪಾಠ ಮಾಡಿದ್ದಳು. ಒಂದು ದಿನ ತಪ್ಪಿದರೂ ಎಣಿಕೆ ಸೊನ್ನೆಗೆ ಬರುತ್ತದೆ. ಸಾಲದೆಂಬಂತೆ, ಮೊದಲ ಸ್ಥಾನ ಕೈತಪ್ಪಬಾರದೆಂದು ರಾತ್ರಿ ಹನ್ನೊಂದೂವರೆಯವರೆಗೆ ಅಂಕ ಕೂಡಿಹಾಕುತ್ತಿದ್ದಳು.

'ಓದ್ತಾಳಲ್ಲ ಡಾಕ್ಟ್ರೇ, ಬೈಯೋದು ಹೇಗೆ?' ಎಂದರು ತಾಯಿ.

ಪ್ರಶ್ನೆ ನ್ಯಾಯವಾದದ್ದೇ. ಆಟದ ಮೂಲಕ ಕಲಿಸುವುದು ಹೊಸದೂ ಅಲ್ಲ, ಕೆಟ್ಟದ್ದೂ ಅಲ್ಲ. ಅಳಗುಳಿ ಮಣೆಯಲ್ಲಿ ಎಣಿಕೆ ಕಲಿತವರು ನಮ್ಮಲ್ಲಿ ಎಷ್ಟು ಮಂದಿ! 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯಲ್ಲಿಯೂ ಹಾಡು, ಆಟ, ಕಾರ್ಡುಗಳ ಜೊತೆಗೆ ಕಲಿಕಾ ಏಣಿಯಿದೆ. ಮಗು ತನ್ನದೇ ವೇಗದಲ್ಲಿ ಅದನ್ನು ಹತ್ತುತ್ತದೆ. ಜ್ವರ ಬಂದು ನಾಲ್ಕು ದಿನ ಮಲಗಿದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಹತ್ತಿದ ಮೆಟ್ಟಿಲನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆ್ಯಪ್‌ಗಳಲ್ಲಿಯೂ ಗುಣಗಳಿವೆ. ತಪ್ಪಿದರೆ ನಗುವವರಿಲ್ಲ, ಸರಿಯುತ್ತರ ಕೂಡಲೇ ತಿಳಿಯುತ್ತದೆ, ದಿನವೂ ಸ್ವಲ್ಪ ಸ್ವಲ್ಪ ಕಲಿತದ್ದು ನೆನಪಿನಲ್ಲಿ ಉಳಿಯುತ್ತದೆ.

ಕಲಿಯುವ ಆಸೆಯ ಜಾಗದಲ್ಲಿ ಕಳೆದುಕೊಳ್ಳುವ ಭಯ ಬಂದು ಕುಳಿತಾಗ ತೊಂದರೆ ಶುರು. 1973ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದನ್ನು ನೋಡಿ. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನ ಕೊಡುವುದಾಗಿ ಮೊದಲೇ ಹೇಳಿ ಚಿತ್ರ ಬರೆಸಲಾಯಿತು. ಕೆಲವು ದಿನಗಳ ನಂತರ, ಬಹುಮಾನವಿಲ್ಲದಾಗ, ಆ ಮಕ್ಕಳು ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸಿದರು! ಬಹುಮಾನವೇ ಗುರಿಯಾದರೆ ಆಸಕ್ತಿ ಸೊರಗುತ್ತದೆ ಎಂಬುದು ಇದರ ಪಾಠ. ದೊಡ್ಡವರೇ ತಡೆದುಕೊಳ್ಳಲಾರದ ಆಮಿಷವನ್ನು ಮಗುವಿನ ಮುಂದಿಟ್ಟು, ಅದಕ್ಕೆ ಕಲಿಕೆಯೆಂದು ಹೆಸರಿಡುವುದು ನನ್ನ ಅಭಿಪ್ರಾಯದಲ್ಲಿ ನ್ಯಾಯವಲ್ಲ.

ಪಾಲಕರು ಮಾಡಬೇಕಾದ್ದೇನು? ಫೋನನ್ನು ತೆಗೆದಿಟ್ಟು, ಇಂದು ಕಲಿತದ್ದನ್ನು ಮಗುವಿನ ಬಾಯಿಂದ ಹೇಳಿಸಿ. ಅಂಕ ಮಾತ್ರ ನೆನಪಿದ್ದರೆ ನಡೆದದ್ದು ಬರೀ ಆಟ. ಪದೇ ಪದೇ ಕರೆಯುವ ಆ್ಯಪ್‌ನ ಸೂಚನೆಗಳನ್ನು ನಿಲ್ಲಿಸಿ. ಮಲಗುವ ಒಂದು ಗಂಟೆ ಮೊದಲೇ ಫೋನು ಮಗುವಿನ ಕೈಬಿಡಲಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಊಟ, ಓದು, ಗೆಳೆಯರನ್ನು ಮರೆತು, ಹಾನಿಯಾಗುತ್ತಿದ್ದರೂ ಆಟ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಅಂಥ ಲಕ್ಷಣ ಕಂಡರೆ ನಾಚಿಕೆ ಪಡದೆ ವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸಾ ವಿಭಾಗವಿದೆ.

ಈ ಹುಡುಗಿಯದು ಕಾಯಿಲೆಯಲ್ಲ. ಮಾತ್ರೆ ಬರೆಯಲಿಲ್ಲ, ಒಂದು ಭಾನುವಾರ ಬೇಕೆಂದೇ ಪಾಠ ತಪ್ಪಿಸು ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಮೂರು ವಾರ ಬಿಟ್ಟು ಬಂದಾಗ ತಲೆನೋವಿರಲಿಲ್ಲ. 'ಎಣಿಕೆ ಸೊನ್ನೆಯಾಯ್ತು ಡಾಕ್ಟ್ರೇ. ಆದ್ರೆ ಕಲಿತ ಇಂಗ್ಲಿಷ್ ಹೋಗಿಲ್ಲ' ಎಂದು ನಕ್ಕಳು.