ಮನೆತನವೂ ಗಣಿಯ ಧೂಳೂ

ಮಂತ್ರಿಯ ಮಗ ಮಂತ್ರಿ, ಶಾಸಕರ ಅಳಿಯ ಶಾಸಕ. ಇದನ್ನು ಕಂಡು ಕಂಡು ನಮ್ಮ ಓದುಗರಿಗೆ ರಾಜಕೀಯ ಮನೆತನವೆಂಬ ಮಾತೇ ಕಹಿಯಾಗಿದೆ. ಆ ಕಹಿ ನ್ಯಾಯವಾದುದೇ. ಆದರೂ ಕೆನಡಾದ ಒಂಟಾರಿಯೊ ಪ್ರಾಂತದ ಸ್ಟೀಫನ್ ಲೂಯಿಸರ ವಿಷಯವನ್ನು ಗಿರಣಿಯ ಬಂಧುಗಳು ತಿಳಿಯಬೇಕು.

ಅವರ ತಾತ ಯಹೂದಿ ಕಾರ್ಮಿಕ ಚಳವಳಿಯವರು. ತಂದೆ ಡೇವಿಡ್ ಲೂಯಿಸರು 1971ರಿಂದ 1975ರವರೆಗೆ ನ್ಯೂ ಡೆಮೊಕ್ರಾಟಿಕ್ ಪಕ್ಷದ ರಾಷ್ಟ್ರನಾಯಕರು. ಮಗ ಇಪ್ಪತ್ತಾರು ತುಂಬುವ ಮೊದಲೇ, 1963ರಲ್ಲಿ, ಪ್ರಾಂತದ ಶಾಸನಸಭೆ ಸೇರಿದರು. 1970ರಲ್ಲಿ ಅಲ್ಲಿನ ಪಕ್ಷದ ನಾಯಕರಾದರು. ತಂದೆಯ ಹೆಸರು ಬಾಗಿಲು ತೆರೆಯಲಿಲ್ಲವೆಂದು ನಾವು ಹೇಳಲಾರೆವು.

ಒಳಹೊಕ್ಕು ಮಾಡಿದ್ದೇನು? ಎಲಿಯಟ್ ಲೇಕಿನ ಯುರೇನಿಯಂ ಗಣಿಗಳಲ್ಲಿ ಕೂಲಿಕಾರರು ಧೂಳು ಕುಡಿದು ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗುತ್ತಿದ್ದರು. ಅದರ ಲೆಕ್ಕ ಸರ್ಕಾರದ ಬಳಿ ಇತ್ತು. ಕಾರ್ಮಿಕ ಸಂಘಕ್ಕೆ ತಿಳಿದದ್ದು 1974ರಲ್ಲಿ, ದೂರದ ಫ್ರಾನ್ಸಿನ ಸಮ್ಮೇಳನವೊಂದರಲ್ಲಿ! ಗಣಿಯವರು ಮುಷ್ಕರ ಹೂಡಿದರು. ಲೂಯಿಸರು ಸಭೆಯಲ್ಲಿ ಸರ್ಕಾರವನ್ನು ಬಿಡದೆ ಕಾಡಿದರು. ಕೊನೆಗೆ ಜೇಮ್ಸ್ ಹ್ಯಾಮ್ ಆಯೋಗ ಬಂತು.

1975ರ ಚುನಾವಣೆಯಲ್ಲಿ ಬಾಡಿಗೆದಾರರ ಗೋಳನ್ನೇ ಮುಂದಿಟ್ಟು 38 ಸ್ಥಾನ ಗೆದ್ದು, ಅಧಿಕೃತ ವಿರೋಧಪಕ್ಷವಾದರು. ಬಾಡಿಗೆ ನಿಯಂತ್ರಣದ ಕಾಯಿದೆಯನ್ನು ಅದೇ ವರ್ಷ ಕನ್ಸರ್ವೇಟಿವ್ ಸರ್ಕಾರವೇ ತರಬೇಕಾಯಿತು.

ತಪ್ಪೂ ಉಂಟು. ‘ವಾಫಲ್’ ಎಂಬ ಎಡಗುಂಪನ್ನು 1972ರಲ್ಲಿ ಪಕ್ಷದಿಂದ ಹೊರಗಟ್ಟಿದ್ದು ನಮಗೆ ಹಿಡಿಸದು. ಮನೆಯೊಳಗಿನ ಜಗಳಕ್ಕೆ ಬಾಗಿಲು ತೋರಿಸುವುದು ಮದ್ದಲ್ಲ.

1977ರಲ್ಲಿ ಸ್ಥಾನಗಳು 33ಕ್ಕೆ ಇಳಿದವು. ಲೂಯಿಸರು ಕುರ್ಚಿಗೆ ಅಂಟಿಕೊಳ್ಳದೆ ನಾಯಕತ್ವ ಬಿಡುವುದಾಗಿ ಸಾರಿದರು. ಪ್ರಾಂತದ ಮಂತ್ರಿಪದವಿ ಅವರಿಗೆ ಎಂದೂ ದಕ್ಕಲಿಲ್ಲ. ಅಪಾಯದ ಕೆಲಸವನ್ನು ಒಲ್ಲೆನೆನ್ನುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟ ಒಂಟಾರಿಯೊ ಸುರಕ್ಷತಾ ಕಾಯಿದೆ 1978ರದು.