ಪದವಿಯೂ ಯೋಗ್ಯತೆಯೂ

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಹೇಳಿದರು. ಈ ಗಾದೆಯನ್ನು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ಕಚೇರಿಗೆ ಆಳನ್ನು ಆರಿಸುವಾಗಲೂ, ಮಗಳಿಗೆ ವರನನ್ನು ನೋಡುವಾಗಲೂ, ಸಂಘಕ್ಕೆ ಕಾರ್ಯದರ್ಶಿಯನ್ನು ನೇಮಿಸುವಾಗಲೂ ಹೆಸರಿನ ಮುಂದಿರುವ ಅಕ್ಷರಗಳನ್ನೇ ಎಣಿಸುತ್ತೇವೆ. ಬಾಯಲ್ಲಿ ಒಂದು, ನಡೆಯಲ್ಲಿ ಒಂದು ಎಂಬ ಈ ವಿಪರೀತವು ಎಲ್ಲಿಂದ ಬಂದಿತೆಂಬುದನ್ನು ವಾಚಕರು ಒಂದಿಷ್ಟು ವಿಚಾರ ಮಾಡಬೇಕೆಂದು ನಮ್ಮ ಬಿನ್ನಹ.

ಇಂಗ್ಲಿಷು ಕಲಿತವರಿಗೆ ಸರಕಾರಿ ಚಾಕರಿಯಲ್ಲಿ ಮೊದಲ ಮನ್ನಣೆಯೆಂದು 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಠರಾವು ಮಾಡಿದನು. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಲಂಡನ್ನಿನ ಮಾದರಿಯಲ್ಲಿ ಏರ್ಪಟ್ಟ ಇವು ಮೊದಮೊದಲು ಕಲಿಸುವ ಮನೆಗಳಾಗಿರಲಿಲ್ಲ. ಪರೀಕ್ಷೆ ತೆಗೆದುಕೊಂಡು ಮುದ್ರೆಯೊತ್ತುವ ಕಚೇರಿಗಳಾಗಿದ್ದವು. ಹೀಗೆ ಚಾಕರಿಗೆ ಪರೀಕ್ಷೆ, ಪರೀಕ್ಷೆಗೆ ಕಂಠಪಾಠ ಎಂಬ ಸರಪಳಿ ಬೆಸೆಯಿತು. ಕನ್ನಡಿಗರ ಪಾಡಂತೂ ಇನ್ನೂ ಕಷ್ಟದ್ದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಗುವವರೆಗೆ ಕನ್ನಡ ನಾಡಿನಲ್ಲಿ ಸ್ವಂತದ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಧಾರವಾಡದ ಹುಡುಗನು ಮುಂಬಯಿಗೂ ಮಂಗಳೂರಿನ ಹುಡುಗನು ಮದರಾಸಿಗೂ ಮುಖ ಮಾಡಬೇಕಾಗಿತ್ತು. ಹೈದರಾಬಾದು ಸಂಸ್ಥಾನದಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠವು ಉರ್ದುವಿನಲ್ಲಿ ನಡೆಯಿತು. ಪರಭಾಷೆಯಲ್ಲಿ ನಡೆದ ಆ ಪರೀಕ್ಷೆಗಳು ಹುಡುಗನ ಬುದ್ಧಿಯನ್ನು ಅಳೆದವೋ, ಪರಭಾಷೆಯ ವಾಕ್ಯಗಳನ್ನು ನೆನಪಿನಲ್ಲಿಡುವ ಶಕ್ತಿಯನ್ನು ಅಳೆದವೋ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಈ ತಕ್ಕಡಿಯಲ್ಲಿ ತೂಗಿ ಹಗುರೆನಿಸಿಕೊಂಡವರು ಯಾರು ಯಾರು? ಶ್ರೀನಿವಾಸ ರಾಮಾನುಜನ್ ಅವರು ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1912ರಲ್ಲಿ ಮದರಾಸು ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾಗಿದ್ದ ಅವರನ್ನು 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ತನ್ನ ಸದಸ್ಯರನ್ನಾಗಿ ಆರಿಸಿತು. ಅದಕ್ಕೆ ಮೊದಲು, 1916ರಲ್ಲಿ, ಅವರ ಸಂಶೋಧನೆಗಾಗಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಬಿ.ಎ. ಪದವಿಯನ್ನು ಕೊಟ್ಟಿತು, ಎಂದರೆ ವಿದ್ವತ್ತು ಮೊದಲು, ಪದವಿ ಆಮೇಲೆ. ನಮ್ಮಲ್ಲಿಯೇ ನೋಡಿರಿ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಶನ್ನನ್ನು ದಾಟಲಿಲ್ಲ. ಆದರೂ ರಾಜ್ಯಶಾಸ್ತ್ರದಲ್ಲಿ ಪದವೀಧರರಿಗೆ ಪಾಠ ಹೇಳುವಷ್ಟು ತಿಳಿದಿದ್ದರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಶಿವರಾಮ ಕಾರಂತರು ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟರು; ಆಮೇಲೆ ಮಕ್ಕಳಿಗಾಗಿ 'ಬಾಲಪ್ರಪಂಚ'ವೆಂಬ ವಿಶ್ವಕೋಶವನ್ನೇ ಬರೆದುಕೊಟ್ಟರು. ಗಳಗನಾಥರು ಪದವಿಯಿಲ್ಲದ ಶಾಲಾಮಾಸ್ತರರು. ಕಾದಂಬರಿಗಳನ್ನು ಬರೆದು, ತಾವೇ ಹೊತ್ತು ಊರೂರು ತಿರುಗಿ, ಕನ್ನಡಿಗರ ಕೈಗೆ ಕನ್ನಡ ಪುಸ್ತಕವನ್ನಿತ್ತರು.

ಇವರೆಲ್ಲ ಅಸಾಮಾನ್ಯರು, ಸಾಮಾನ್ಯರ ಮಾತು ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಾದರೆ ನಮ್ಮ ವಕೀಲಿ ವೃತ್ತಿಯ ಒಂದು ಸಾಮಾನ್ಯ ಸಂಗತಿಯನ್ನೇ ಹೇಳುವೆವು. ಪ್ರಥಮ ವರ್ಗದಲ್ಲಿ ಕಾಯಿದೆಯ ಪದವಿ ಪಡೆದ ತರುಣರೊಬ್ಬರು ಒಂದು ಹೊಲದ ದಾವೆಯ ಫಿರ್ಯಾದಿಯನ್ನು ಬರೆದು ತಂದರು. ಭಾಷೆ ಘನವಾಗಿತ್ತು, ವಿಲಾಯತಿಯ ತೀರ್ಪುಗಳ ಉಲ್ಲೇಖವೂ ಇತ್ತು. ನಮ್ಮ ಮುದಿ ಗುಮಾಸ್ತರು ಕನ್ನಡಕವನ್ನೇರಿಸಿ ಎರಡು ಸಲ ಓದಿ, "ಎಲ್ಲಾ ಛಂದ ಅದ ಸಾಹೇಬ್ರ, ಆದರ ಹೊಲಾ ಎಲ್ಲೈತಿ?" ಎಂದರು. ಸರ್ವೆ ನಂಬರೂ ಇರಲಿಲ್ಲ, ಚಕ್ಕುಬಂದಿಯೂ ಇರಲಿಲ್ಲ! ಸ್ಥಿರಾಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರಣೆಯಿರಬೇಕೆಂದು 1908ರ ದಿವಾಣಿ ಸಂಹಿತೆಯ 7ನೆಯ ಆದೇಶದ 3ನೆಯ ನಿಯಮವು ಹೇಳುತ್ತದೆ. ತರುಣರಿಗೆ ಆ ನಿಯಮವು ಕಂಠಸ್ಥವಾಗಿತ್ತು. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಗಳಿಸಿದ್ದರು. ಆದರೆ ಅದು ಈ ಹೊಲಕ್ಕೂ ಅನ್ವಯಿಸುತ್ತದೆಂಬುದು ಹೊಳೆಯಲಿಲ್ಲ. ತಿಳಿದಿರುವುದು ಬೇರೆ, ಹೊತ್ತಿಗೆ ಹೊಳೆಯುವುದು ಬೇರೆ. ಪ್ರಶ್ನಪತ್ರಿಕೆಯು ಪ್ರಶ್ನೆಯನ್ನು ಬರೆದು ಕೈಗಿಡುತ್ತದೆ. ಕೆಲಸವಾದರೋ ಪ್ರಶ್ನೆ ಯಾವುದೆಂಬುದನ್ನು ನಾವೇ ಹುಡುಕಬೇಕೆನ್ನುತ್ತದೆ.

ಇಷ್ಟು ಹೇಳಿದ್ದರಿಂದ ನಾವು ವಿದ್ಯೆಯನ್ನು ಹಳಿಯುವೆವೆಂದು ಯಾರೂ ತಿಳಿಯಬಾರದು. ನಾವೂ ಕಾಲೇಜಿನ ಬೆಂಚನ್ನು ಸವೆಸಿದವರೇ. ವೈದ್ಯನಿಗೂ ಇಂಜಿನಿಯರನಿಗೂ ಶಾಸ್ತ್ರದ ಓದು ಬೇಕೇ ಬೇಕು. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಇಂಜಿನಿಯರಿಂಗ್ ಪರೀಕ್ಷೆಯನ್ನು ಗೆದ್ದು ಬಂದವರು. ಆದರೆ ಖಡಕವಾಸಲಾ ಜಲಾಶಯದಲ್ಲಿ 1903ರಲ್ಲಿ ಕೂಡಿಸಿದ ಸ್ವಯಂಚಾಲಿತ ಬಾಗಿಲುಗಳು ಆ ಪರೀಕ್ಷೆಯ ಉತ್ತರವಲ್ಲ. ಇಪ್ಪತ್ತು ವರ್ಷ ನೀರಿನ ಬಳಿ ದುಡಿದ ಬುದ್ಧಿಯ ಫಲ. ಪದವಿಯು ಬೀಜ; ಉತ್ತು ನೀರೆರೆಯದಿದ್ದರೆ ಕಣಜದಲ್ಲಿದ್ದ ಬೀಜಕ್ಕೆ ಹುಳ ಹಿಡಿಯುವುದು.

ಇದು ಬರಿಯ ವಾದವಲ್ಲ. ಐದು ಕಡೆ ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾಯಿತು. 1963ರಲ್ಲಿ ಕನ್ನಡವನ್ನು ಆಡಳಿತಭಾಷೆಯನ್ನಾಗಿಸುವ ಕಾಯಿದೆಯೂ ಆಯಿತು. ನಾಡು ಒಂದಾದುದು ನಕಾಶೆಯ ಅಂದಕ್ಕಾಗಿ ಅಲ್ಲ. ರೈತನು ತಾಲೂಕು ಕಚೇರಿಗೆ ಹೋದಾಗ ಅವನ ಮಾತು ಅಲ್ಲಿದ್ದವರಿಗೆ ತಿಳಿಯಬೇಕು, ಅವರ ಬರೆಹ ಅವನಿಗೆ ತಿಳಿಯಬೇಕು ಎಂದು. ಎರಡು ಪದವಿಗಳನ್ನು ಹೊತ್ತು, ಆ ರೈತನ ಅರ್ಜಿಯ ಮೇಲೆ ನಾಲ್ಕು ಸಾಲು ತಿಳಿಗನ್ನಡದ ಟಿಪ್ಪಣಿಯನ್ನು ಬರೆಯಲಾರದವನು ಆ ಕುರ್ಚಿಗೆ ಯೋಗ್ಯನೇ? ಇತ್ತ ಅದೇ ರೈತನು ಮಗನ ಪದವಿಗಾಗಿ ಹೊಲವನ್ನು ಒತ್ತೆಯಿಡುತ್ತಾನೆ. ಮಗನು ನಪಾಸಾದರೆ ಹೊಲವೂ ಹೋಯಿತು, ಹುಡುಗನ ಆತ್ಮವಿಶ್ವಾಸವೂ ಹೋಯಿತು.

ಆದುದರಿಂದ ಕೆಲಸ ಕೊಡುವವರು ಪದವಿಪತ್ರವನ್ನು ಬಾಗಿಲ ಚೀಟಿಯೆಂದು ಮಾತ್ರ ತಿಳಿದು, ಒಳಗೆ ಬಂದವನ ಕೈಗೆ ಆ ಹುದ್ದೆಯ ಕೆಲಸವನ್ನೇ ಕೊಟ್ಟು ಪರೀಕ್ಷಿಸಲಿ. ಕೆಲವು ತಿಂಗಳು ನುರಿತ ಕೆಲಸಗಾರನ ಕೆಳಗೆ ದುಡಿಸಿ ನೋಡಲಿ. ಶಿಕ್ಷಕ ಬಂಧುಗಳಲ್ಲಿ ನಮ್ಮ ವಿಶೇಷ ಪ್ರಾರ್ಥನೆಯಿದೆ. ತರಗತಿಯಲ್ಲಿ ಉತ್ತರ ಹೇಳುವ ಹುಡುಗನನ್ನು ಮೆಚ್ಚಿರಿ. ಆದರೆ ಯಾರೂ ಕೇಳದ ಪ್ರಶ್ನೆಯನ್ನು ಕೇಳುವ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಬೇಡಿರಿ. "ಹೊಲಾ ಎಲ್ಲೈತಿ" ಎಂದು ನಾಳೆ ಕೇಳಬೇಕಾದವನು ಅವನೇ.