ಟೀವಿಯಲ್ಲಿ ಕಾಣದ ಗೇಟು

ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಕ್ರಿಕೆಟ್ ಹುಚ್ಚಿರುವ ಯಾವ ಹುಡುಗನನ್ನಾದರೂ ನಿಲ್ಲಿಸಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಹೇಗಿದೆ ಎಂದು ಕೇಳಿ. ಬೌಂಡರಿ ಚಿಕ್ಕದು, ಚೆಂಡು ಬ್ಯಾಟಿಗೆ ಚೆನ್ನಾಗಿ ಬರುತ್ತದೆ, ರಾತ್ರಿ ಇಬ್ಬನಿ ಬಿದ್ದರೆ ಸ್ಪಿನ್ನರ್‌ಗೆ ಹಿಡಿತ ಸಿಗುವುದಿಲ್ಲ, ಇನ್ನೂರು ರನ್ ಹೊಡೆದರೂ ಸಾಲದು ಎಂದು ಪಟಪಟನೆ ಹೇಳುತ್ತಾನೆ. ಪೆವಿಲಿಯನ್ ಎಂಡ್ ಯಾವುದು, ಬಿಇಎಂಎಲ್ ಎಂಡ್ ಯಾವುದು ಎಂಬುದೂ ಅವನಿಗೆ ಬಾಯಿಪಾಠ. ಒಳಗೆ ಹೋಗುವ ಗೇಟು ಯಾವ ರಸ್ತೆಯಲ್ಲಿದೆ, ಅದರ ಮುಂದೆ ನಿಲ್ಲಲು ಎಷ್ಟು ಜಾಗವಿದೆ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಆ ಮೈದಾನವನ್ನು ಅವನು ನೋಡಿರುವುದು ಟೀವಿಯಲ್ಲಿ. ಟೀವಿ ತೋರಿಸಿದ್ದೆಲ್ಲ ಅವನಿಗೆ ಗೊತ್ತು, ತೋರಿಸದೇ ಇರುವುದು ಗೊತ್ತಿಲ್ಲ. ಈ ತಿಳಿಯದಿರುವಿಕೆಯನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕುವ ಸ್ಥಿತಿಯಲ್ಲಿ ನಾವೀಗ ಇಲ್ಲ.

1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಚಿನ್ನಸ್ವಾಮಿಯಲ್ಲಿ ಮೊದಲ ಟೆಸ್ಟ್ ನಡೆದಾಗ ನಮ್ಮ ಚಿತ್ರದುರ್ಗ ಜಿಲ್ಲೆಗೆ ಅದು ತಲುಪಿದ್ದು ರೇಡಿಯೊದಲ್ಲಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಕಿವಿಗೊಟ್ಟು ಕೂತವರಿಗೆ ಮೈದಾನವನ್ನು ಕಟ್ಟಿಕೊಡಬೇಕಾದ್ದು ವಿವರಣೆಕಾರನ ಕೆಲಸವಾಗಿತ್ತು. ಮೋಡ, ಗಾಳಿ, ಯಾವ ದಿಕ್ಕಿನಲ್ಲಿ ಜನ ತುಂಬಿದ್ದಾರೆ, ಯಾವ ದಿಕ್ಕು ಖಾಲಿ ಇದೆ ಎಂಬುದನ್ನೆಲ್ಲ ಆತ ಹೇಳುತ್ತಿದ್ದ. ಚಿತ್ರ ಬಂದ ಮೇಲೆ ಆ ಕೆಲಸ ಕ್ಯಾಮೆರಾ ಪಾಲಾಯಿತು. ಎಲ್ಲವೂ ಕಣ್ಣಿಗೇ ಕಾಣುತ್ತಿದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿತು.

ಆದರೆ ಕ್ಯಾಮೆರಾ ಆಯ್ದು ತೋರಿಸುತ್ತದೆ. ಮುಖ್ಯ ಕ್ಯಾಮೆರಾ ಇರುವುದು ಬೌಲರ್‌ನ ಬೆನ್ನ ಹಿಂದೆ, ಎತ್ತರದಲ್ಲಿ. ದೂರವನ್ನು ಹತ್ತಿರಕ್ಕೆಳೆಯುವ ಅದರ ಲೆನ್ಸ್‌ನಲ್ಲಿ ಇಪ್ಪತ್ತು ಮೀಟರ್‌ಗೂ ಮಿಕ್ಕಿದ ಪಿಚ್ ನಾಲ್ಕು ಹೆಜ್ಜೆಯಷ್ಟು ಕಾಣುತ್ತದೆ. ಹಿಂದೆ ಈ ಕ್ಯಾಮೆರಾ ಒಂದೇ ತುದಿಯಲ್ಲಿರುತ್ತಿತ್ತು. ಹಾಗಾಗಿ ಒಂದು ಓವರ್‌ನಲ್ಲಿ ಬ್ಯಾಟ್ಸ್‌ಮನ್ ಮುಖ ಕಂಡರೆ ಮುಂದಿನ ಓವರ್ ಪೂರ್ತಿ ಬೆನ್ನು. 1977ರಲ್ಲಿ ಆಸ್ಟ್ರೇಲಿಯಾದ ಕೆರ್ರಿ ಪ್ಯಾಕರ್ ತನ್ನ ಚಾನೆಲ್‌ಗಾಗಿ ಬೇರೆಯದೇ ಸರಣಿ ಕಟ್ಟಿದಾಗ ಎರಡೂ ತುದಿಗೆ ಕ್ಯಾಮೆರಾ ಬಂತು. ಆಮೇಲೆ ಸ್ಟಂಪ್ ಒಳಗೆ ಕ್ಯಾಮೆರಾ, ತಲೆಯ ಮೇಲೆ ತಂತಿಯಲ್ಲಿ ಓಡಾಡುವ ಕ್ಯಾಮೆರಾ, ಬೌಂಡರಿ ಹಗ್ಗದಂಚಿನಲ್ಲಿ ಮೈಕು ಎಲ್ಲವೂ ಬಂದವು. 1996ರ ಮಾರ್ಚ್ 9ರಂದು ಚಿನ್ನಸ್ವಾಮಿಯಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್‌ಫೈನಲ್ ನಡೆದಾಗ ಆ ಮೈದಾನದಲ್ಲಿ ಮೊದಲ ಬಾರಿಗೆ ಹೊನಲು ಬೆಳಕು ಹರಿಯಿತು. ಆಮಿರ್ ಸೊಹೈಲ್‌ಗೆ ವೆಂಕಟೇಶ್ ಪ್ರಸಾದ್ ಕೊಟ್ಟ ಉತ್ತರ ಇವತ್ತಿಗೂ ನಮ್ಮ ಕಣ್ಣಲ್ಲಿದೆ. ಅಂದು ಅಷ್ಟು ಜನ ಹೇಗೆ ಒಳಗೆ ಬಂದರು, ಪಂದ್ಯ ಮುಗಿದ ಮೇಲೆ ಹೇಗೆ ಹೊರಗೆ ಹೋದರು ಎಂಬುದರ ಒಂದು ಚಿತ್ರವೂ ನಮ್ಮ ನೆನಪಿನಲ್ಲಿಲ್ಲ.

ಈಗಿನ ಐಪಿಎಲ್ ಪಂದ್ಯದಲ್ಲಿ ಒಂದು ಸಿಕ್ಸರ್ ಬಿದ್ದಾಗ ಏನೇನು ಕಾಣಿಸುತ್ತದೆ ಎಂದು ಒಮ್ಮೆ ಗಮನಿಸಿ. ಚೆಂಡಿನ ಬೆನ್ನು ಹತ್ತಿದ ಕ್ಯಾಮೆರಾ ಜನರ ನಡುವೆ ಬೀಳುತ್ತದೆ. ಕೆನ್ನೆಗೆ ಬಣ್ಣ ಬಳಿದುಕೊಂಡ ಮಗು, ಬರಹದ ಫಲಕ ಹಿಡಿದ ಹುಡುಗಿ, ಅಪ್ಪನ ಹೆಗಲ ಮೇಲಿನ ಪುಟ್ಟ ಜರ್ಸಿ. ಅಲ್ಲಿಂದ ಬೌಲರ್‌ನ ಬೆವೆತ ಮುಖ, ಮಾಲೀಕರ ಬಾಕ್ಸು, ಡಗೌಟಿನ ಚಪ್ಪಾಳೆ, ನಿಧಾನಗತಿಯ ಮರುದೃಶ್ಯ, ಜಾಹೀರಾತು. ಅದೇ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಇಕ್ಕಟ್ಟಿನಲ್ಲಿ ಇಳಿಯುತ್ತಿರುವ ಹೆಂಗಸು, ನೀರಿಗಾಗಿ ನಿಂತ ಸಾಲು, ಶೌಚಾಲಯದ ಬಾಗಿಲು, ಸೀಟು ಸಿಗದೆ ತಡಕಾಡುತ್ತಿರುವ ಅಜ್ಜ, ಇವರೆಲ್ಲ ಅಲ್ಲೇ ಇದ್ದಾರೆ. ಇವರ ಮೇಲೆ ಕ್ಯಾಮೆರಾ ನಿಲ್ಲುವುದಿಲ್ಲ. 2020ರಲ್ಲಿ ಕೊರೊನಾ ಕಾರಣಕ್ಕೆ ಐಪಿಎಲ್ ಅರಬ್ ಸಂಯುಕ್ತ ಸಂಸ್ಥಾನದ ಖಾಲಿ ಕ್ರೀಡಾಂಗಣಗಳಲ್ಲಿ ನಡೆದಾಗ, ಮೊದಲೇ ಮುದ್ರಿಸಿಟ್ಟ ಜನರ ಕೂಗನ್ನು ಪ್ರಸಾರಕ್ಕೆ ಸೇರಿಸಿ ಕೇಳಿಸಿದರು. ಒಬ್ಬ ಪ್ರೇಕ್ಷಕನೂ ಇಲ್ಲದ ಮೈದಾನವೂ ನಮ್ಮ ಮನೆಗೆ ತುಂಬಿದ ಮೈದಾನವಾಗಿಯೇ ಬಂತು. ಟೀವಿಗೆ ಪ್ರೇಕ್ಷಕ ಅಂದರೆ ಸಂಭ್ರಮದ ಸದ್ದು, ಸಂಭ್ರಮದ ಮುಖ. ಅವನ ಮೈಗೆ ಜಾಗ ಬೇಕು, ಗಾಳಿ ಬೇಕು, ಹೊರಹೋಗಲು ದಾರಿ ಬೇಕು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಐಪಿಎಲ್‌ನ 18ನೇ ಆವೃತ್ತಿಯಲ್ಲಿ ಮೊದಲ ಸಲ ಕಪ್ ಗೆದ್ದಿತು. ಹಿರಿಯೂರು, ಚಿತ್ರದುರ್ಗ ಅಂತಿಲ್ಲ, ರಾಜ್ಯದ ಊರೂರಲ್ಲಿ ಪಟಾಕಿ ಸಿಡಿಯಿತು. ಮರುದಿನ ವಿಜಯೋತ್ಸವದ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆಟಗಾರರು ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಬಂದಿಳಿದದ್ದು, ವಿಧಾನಸೌಧದ ಮೆಟ್ಟಿಲ ಮೇಲಿನ ಸನ್ಮಾನ ಎಲ್ಲವೂ ನೇರಪ್ರಸಾರವಾದವು. ಸುಮಾರು 35,000 ಜನ ಹಿಡಿಸುವ ಕ್ರೀಡಾಂಗಣದ ಬಳಿ ಎರಡು–ಮೂರು ಲಕ್ಷ ಜನ ಸೇರಿದ್ದರು ಎಂದು ಮುಖ್ಯಮಂತ್ರಿಯವರೇ ಅಂದು ಹೇಳಿದರು. ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಜೀವ ಹೋಯಿತು, ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಯುವಕ ಯುವತಿಯರು, ಶಾಲೆಗೆ ಹೋಗುವ ವಯಸ್ಸಿನವರೂ ಇದ್ದರು. ಹೊರಗೆ ಹೆಣ ಬಿದ್ದಿದ್ದರೂ ಒಳಗೆ ಸಂಭ್ರಮ ನಡೆಯಿತು.

ಯಾರು ಹೊಣೆ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರ ಆಯೋಗ ಅದೇ ವರ್ಷದ ಜುಲೈನಲ್ಲಿ ಕೊಟ್ಟ ವರದಿಯ ಒಂದು ಮಾತು ಪ್ರತಿಯೊಬ್ಬ ವೀಕ್ಷಕನಿಗೂ ಮುಟ್ಟಬೇಕು. ಈ ಕ್ರೀಡಾಂಗಣದ ವಿನ್ಯಾಸವೇ ಭಾರೀ ಜನಜಂಗುಳಿಗೆ ತಕ್ಕುದಲ್ಲ, ಗೇಟುಗಳು ನೇರವಾಗಿ ಫುಟ್‌ಪಾತಿಗೆ ತೆರೆದುಕೊಳ್ಳುತ್ತವೆ, ಸಾಲಿನಲ್ಲಿ ನಿಲ್ಲುವವರು ರಸ್ತೆಯಲ್ಲೇ ನಿಲ್ಲಬೇಕು ಎಂದಿತು ಆಯೋಗ. ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ಅರ್ಧ ಶತಮಾನ ಅದೇ ಗೇಟುಗಳು ಅಲ್ಲೇ ಇದ್ದವು. ಅರ್ಧ ಶತಮಾನದಲ್ಲಿ ಆ ಮೈದಾನದ ಎಷ್ಟೋ ಪಂದ್ಯಗಳನ್ನು ಮನೆಯಲ್ಲೇ ಕೂತು ನೋಡಿದ ನಮಗೆ ಗೇಟು ಅನ್ನುವುದೊಂದಿದೆ ಎಂಬುದು ಗೊತ್ತಾದದ್ದು ಹನ್ನೊಂದು ಸಾವು ಆದ ಮೇಲೆ.

ಗುಂಪಿನಲ್ಲಿ ನಿಲ್ಲುವುದು ನಮ್ಮ ಜನಕ್ಕೆ ಹೊಸದಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ರಥ ಎಳೆಯುವ ದಿನ ಮಕ್ಕಳನ್ನು ಯಾವ ಕಟ್ಟೆಯ ಮೇಲೆ ಕೂರಿಸಬೇಕು, ಗಾಲಿಯಿಂದ ಎಷ್ಟು ದೂರ ನಿಲ್ಲಬೇಕು, ನೂಕಾಟವಾದರೆ ಯಾವ ಓಣಿಗೆ ಸರಿದುಕೊಳ್ಳಬೇಕು ಎಂಬುದು ಮನೆಯ ಹಿರಿಯರಿಗೆ ಗೊತ್ತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನವೆಂಬರಿನ ನಾಟಕೋತ್ಸವಕ್ಕೆ ಸಾವಿರಾರು ಜನ ಕೂರುತ್ತಾರೆ. ವರ್ಷವರ್ಷ ಹೋಗುವವರಿಗೆ ಅಲ್ಲಿನ ಮೆಟ್ಟಿಲುಗಳ ಅಂದಾಜು ಕಾಲಿಗೇ ಸಿಕ್ಕಿದೆ. ಜಾತ್ರೆಯೂ ನಾಟಕವೂ ಜಾಗದ ತಿಳಿವಳಿಕೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತವೆ. ಟೀವಿ ನೋಡಿ ಕ್ರೀಡಾಂಗಣಕ್ಕೆ ಹೊರಟವನಿಗೆ ಆಸೆ ಮಾತ್ರ ದಾಟಿರುತ್ತದೆ. ಅವನು ಆ ಜಾಗಕ್ಕೆ ಹತ್ತಾರು ವರ್ಷದ ಪರಿಚಯಸ್ಥನ ಧೈರ್ಯದಲ್ಲಿ ಹೋಗುತ್ತಾನೆ. ನಿಜದಲ್ಲಿ ಅದು ಅವನು ಕಾಲಿಟ್ಟೇ ಇರದ ಊರು.

ಈ ತಿಳಿವಳಿಕೆ ಕೊಡುವುದು ಪ್ರಸಾರಕ್ಕೆ ಕಷ್ಟದ ಕೆಲಸವಲ್ಲ. ಪಂದ್ಯಕ್ಕೆ ಮುಂಚೆ ಪಿಚ್ ಮೇಲೆ ಕೀಲಿಕೈ ಒತ್ತಿ ತೋರಿಸುವುದಕ್ಕೆ ಸಮಯವಿದೆ. ಅದೇ ಸಮಯದಲ್ಲಿ ಒಂದು ನಿಮಿಷ ಗೇಟುಗಳ ನಕ್ಷೆ ತೋರಿಸಲಿ. ಕನ್ನಡದ ವಿವರಣೆಕಾರರು ಯಾವ ಸ್ಟ್ಯಾಂಡ್‌ಗೆ ಯಾವ ರಸ್ತೆಯಿಂದ ಬರಬೇಕು, ತುರ್ತಿನಲ್ಲಿ ಯಾವ ಕಡೆ ಹೊರಡಬೇಕು ಎಂದು ಹೇಳಲಿ. ವಿಜಯೋತ್ಸವದಂಥ ದಿನ ಸುದ್ದಿವಾಹಿನಿಗಳು ಆಟಗಾರರ ಬಸ್ಸಿನ ಹಿಂದೆ ಓಡುವಾಗ ಒಂದು ಕ್ಯಾಮೆರಾವನ್ನು ಗೇಟಿನ ಮೇಲೆ ಖಾಯಂ ಇಡಲಿ. ಮೈದಾನ ತುಂಬಿದೆ, ಇನ್ನು ಯಾರೂ ಹೊರಡಬೇಡಿ ಎಂಬ ಸಾಲು ಪರದೆಯ ಕೆಳಗೆ ನಿಂತಿರಲಿ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಿರುವ ಹುಡುಗ ಆ ಸಾಲನ್ನು ಓದಿ ಮನೆಗೆ ತಿರುಗಿದರೆ ಪ್ರಸಾರ ಸಾರ್ಥಕ.

ಟೀವಿ ತೋರಿಸದ್ದನ್ನು ನಾವು ಮರೆಯುತ್ತೇವೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಜಿಲ್ಲಾ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರಿದೆ. ಏಳು ಸುತ್ತಿನ ಕೋಟೆಯಲ್ಲಿ ಅರಮನೆಗಿಂತ ಆಕೆ ಕಾದ ಒಂದು ಕಿಂಡಿಯನ್ನೇ ಹೆಚ್ಚು ನೆನೆಯುವ ಊರು ನಮ್ಮದು. ಒಳಬರುವ ದಾರಿಯಲ್ಲಿ ಎಲ್ಲರ ಅಳಿವು ಉಳಿವು ಇರುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಕ್ರೀಡಾಂಗಣದಲ್ಲಿ ಓಡುವ, ಎಸೆಯುವ, ಜಿಗಿಯುವ ನಮ್ಮ ಮಕ್ಕಳು ಪರದೆಗೆ ಬರುವುದಿಲ್ಲ. ಬಾರದ ಕಾರಣ ಅಲ್ಲಿನ ಗ್ಯಾಲರಿ, ಕುಡಿಯುವ ನೀರು, ಹೆಣ್ಣುಮಕ್ಕಳ ಬಟ್ಟೆ ಬದಲಿಸುವ ಕೋಣೆ ಹೇಗಿವೆ ಎಂದು ಕೇಳುವವರೂ ಕಡಿಮೆ. ದೂರದರ್ಶನ ಚಂದನ ವಾರಕ್ಕೊಮ್ಮೆ ಒಂದೊಂದು ಜಿಲ್ಲೆಯ ಮೈದಾನದಿಂದ ಕ್ರೀಡಾಕೂಟ ತೋರಿಸಲಿ. ಆಟದ ಜೊತೆಗೆ ಗೇಟನ್ನೂ ಮೆಟ್ಟಿಲನ್ನೂ ತೋರಿಸಲಿ. ಸರಿಯಿಲ್ಲದ್ದು ಸರಿಯಿಲ್ಲವೆಂದೇ ಕಾಣಲಿ.

ಇದನ್ನು ಕೇಳುವ ಹಕ್ಕು ನಮಗಿದೆ. ಕ್ರಿಕೆಟ್ ಪ್ರಸಾರದ ಜಗಳವೊಂದು ಸುಪ್ರೀಂ ಕೋರ್ಟಿಗೆ ಹೋದಾಗ, ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ನ್ಯಾಯಾಲಯ 1995ರಲ್ಲಿ ಹೇಳಿತು. ದೇಶಕ್ಕೆ ಮಹತ್ವವೆನಿಸಿದ ಪಂದ್ಯಗಳನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕೆಂಬ ಕಾಯ್ದೆ 2007ರಲ್ಲಿ ಬಂತು. 2023ರಿಂದ 2027ರವರೆಗಿನ ಐದು ಐಪಿಎಲ್‌ಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಗಿದೆ. ಆ ಹಕ್ಕಿಗೆ ಅಷ್ಟು ಬೆಲೆ ಬಂದಿರುವುದು ಹಳ್ಳಿಹಳ್ಳಿಯಲ್ಲಿ ಕೂತು ನೋಡುವ ಕಣ್ಣುಗಳಿಂದ. ಸರ್ಕಾರ ಮುಂದೆ ಯಾವುದೇ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯಕ್ಕೆ ಅನುಮತಿ ಕೊಡುವಾಗ ಗೇಟಿನ ಮಾಹಿತಿ ಪ್ರಸಾರ ಮಾಡುವುದನ್ನೂ ಷರತ್ತಾಗಿ ಸೇರಿಸಬೇಕು. ನಮ್ಮ ಜಿಲ್ಲೆಯ ಶಾಸಕರು ಸದನದಲ್ಲಿ ಈ ಮಾತು ಎತ್ತಬೇಕು. ಮಕ್ಕಳನ್ನು ಪಂದ್ಯಕ್ಕೆ ಕಳಿಸುವ ತಂದೆತಾಯಂದಿರು ಟಿಕೆಟ್ ಸಿಕ್ಕಿತೇ ಎಂದು ಕೇಳಿದಷ್ಟೇ ಸಹಜವಾಗಿ, ಯಾವ ಗೇಟು, ಹೊರಬರುವುದು ಎಲ್ಲಿಂದ ಎಂದೂ ಕೇಳುವಂತಾಗಬೇಕು.